ಸಪ್ಪಳವಿಲ್ಲದ ರೊಟ್ಟಿ

ಸಿಂಧನೂರಿನಲ್ಲಿ ನಾನಿರುವ ಓಣಿಯ ತುದಿಗೆ ಒಂದು ಖಾನಾವಳಿ ಇದೆ. ಬೆಳಗಾಗುತ್ತಿದ್ದಂತೆ ಅಲ್ಲಿ ಮೂವರು ಹೆಂಗಸರು ಸಾಲಾಗಿ ಕುಳಿತು ಜೋಳದ ರೊಟ್ಟಿ ಬಡಿಯಲು ಶುರು ಮಾಡುತ್ತಾರೆ. ಅವರ ಮುಖಗಳನ್ನು ನಾನು ನೋಡಿಲ್ಲ, ಕೈಗಳ ಸಪ್ಪಳ ಮಾತ್ರ ಗೊತ್ತು. ಒಬ್ಬಾಕೆಯದು ಅವಸರದ ಕೈ, ಉಂಡೆ ಇಟ್ಟ ಕೂಡಲೇ ಪಟಪಟನೆ ಬಡಿದು ಮುಗಿಸಿಬಿಡುತ್ತಾಳೆ. ಇನ್ನೊಬ್ಬಾಕೆಗೆ ವಯಸ್ಸಾಗಿದೆ, ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಾಳೆ. ಮೂರನೆಯವಳು ಹೊಸಬಳಿರಬೇಕು. ರೊಟ್ಟಿ ತೆಳ್ಳಗಾಗುತ್ತ ಬಂದ ಹಾಗೆ ಅವಳದು ಅಂಚು ಒಡೆಯುತ್ತದೆ. ಒಡೆದ ರೊಟ್ಟಿಯ ಸಪ್ಪಳವೇ ಬೇರೆ. ಅಲ್ಲಿಯವರೆಗೆ ತುಂಬಿಕೊಂಡು ಬರುತ್ತಿದ್ದದ್ದು ಒಮ್ಮೆಲೇ ಸೀಳಿದ ಹಾಗೆ ಕೇಳುತ್ತದೆ. ಚಹಾ ಸೋಸುತ್ತ ನಿಂತಲ್ಲೇ ನನಗೆ ‘ಕೈ ಹಸಿ ಮಾಡ್ಕೋ’ ಎಂಬ ಮಾತು ಬಾಯಿತನಕ ಬರುತ್ತದೆ, ನುಂಗಿಕೊಳ್ಳುತ್ತೇನೆ. ಬೇರೆ ಕಡೆ ಮನೆ ನೋಡೋಣ ಎಂದು ಗಂಡನಿಗೆ ಎರಡು ಸಲ ಹೇಳಿದ್ದಾಯಿತು. ರೊಟ್ಟಿ ಸಪ್ಪಳಕ್ಕೆ ಮನೆ ಬಿಡುವವರನ್ನು ನಾನು ನೋಡೇ ಇಲ್ಲ ಎಂದು ಅವರು ನಗುತ್ತಾರೆ. ಅವರಿಗೆ ನಾನು ಪೂರ್ತಿ ಹೇಳಿಲ್ಲ. ನಿಮಗೆ ಹೇಳುತ್ತೇನೆ. ನೀವೂ ಎಂದೋ ಒಂದು ಮನೆ ಕಳೆದುಕೊಂಡವರೇ ಇರಬೇಕು, ಇಲ್ಲದಿದ್ದರೆ ಇಂಥದ್ದನ್ನು ಓದಲು ಯಾಕೆ ಕೂಡುತ್ತಿದ್ದಿರಿ?

ನಮ್ಮ ಮನೆ ಮಸ್ಕಿಯಲ್ಲಿ ಗುಡ್ಡದ ಬುಡಕ್ಕಿತ್ತು. ಎರಡು ಅಂಕಣದ ಮನೆ, ಮುಂದೆ ಅಂಗಳ, ಅಂಗಳದಲ್ಲೊಂದು ನಲ್ಲಿ. ಮಧ್ಯಾಹ್ನ ಕಾದ ಗುಡ್ಡದ ಬಂಡೆಗಳ ಕಾವು ಹೊತ್ತು ಮುಳುಗಿದ ಮೇಲೂ ಗೋಡೆಗೆ ಬಡಿಯುತ್ತಿತ್ತು. ಅಪ್ಪ ಅಮರಪ್ಪ ಲಿಂಗಸುಗೂರಿನ ಒಂದು ಸರಕಾರಿ ಕಚೇರಿಯಲ್ಲಿ ಜವಾನನಾಗಿದ್ದ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದ. ಬರುವಾಗ ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನ ಮಿರ್ಚಿ, ಮಂಡಕ್ಕಿ ಒಗ್ಗರಣಿಯ ಪೊಟ್ಟಣ ತರುತ್ತಿದ್ದ, ಎಣ್ಣೆ ಇಳಿದು ಹಾಳೆ ಪಾರದರ್ಶಕವಾಗಿರುತ್ತಿತ್ತು. ಅವನ ಊರು ಸಂತೆಕಲ್ಲೂರು, ಜೋಳದ ಸೀಮೆ. ಅವ್ವ ಗಂಗಮ್ಮನ ತವರು ಗೊರೇಬಾಳ, ಕಾಲುವೆ ನೀರಿನ ಭತ್ತದ ಸೀಮೆ. ಅವ್ವ ಹುಟ್ಟಿದಾಗಿನಿಂದ ಅನ್ನ ಉಂಡು ಬೆಳೆದವಳು. ಮದುವೆಯಾಗಿ ಸಂತೆಕಲ್ಲೂರಿಗೆ ಹೋದ ಮೇಲೆ ರೊಟ್ಟಿ ಬಡಿಯುವುದನ್ನು ಕಲಿತಳು, ಕಲಿಸಿದವಳು ನನ್ನ ಅಜ್ಜಿ. ಅಜ್ಜಿ ಅಡುಗೆಮನೆಗೆ ಬರುತ್ತಲೇ ಇರಲಿಲ್ಲವಂತೆ. ಹೊರಗಿನ ಕಟ್ಟೆಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕುಳಿತು, ಒಳಗಿನ ಸಪ್ಪಳ ಕೇಳಿಯೇ, “ಅಂಚು ಒಡೀತು ನೋಡ ಬೇ. ಕಾಲುವಿ ನೀರ ಕುಡದ ಕೈ, ಇದರಾಗ ರೊಟ್ಟಿ ಹ್ಯಾಂಗ ಬರಬೇಕು?” ಎನ್ನುತ್ತಿದ್ದಳಂತೆ. ಓಣಿಯ ಹೆಂಗಸರು ನಗುತ್ತಿದ್ದರು. ಒಡೆದ ರೊಟ್ಟಿಗಳನ್ನೆಲ್ಲ ಅವ್ವನೇ ತಿನ್ನಬೇಕಿತ್ತು. ಹೀಗೆ ಎರಡು ವರ್ಷ ಬೈಸಿಕೊಂಡು ಅವ್ವ ಕಲಿತಳು, ಕಲಿತು ಮಸ್ಕಿಗೆ ಬಂದ ಮೇಲೆ ನಮ್ಮ ಓಣಿಯಲ್ಲಿ ಅವಳಂಥ ಕೈ ಇನ್ನೊಂದಿರಲಿಲ್ಲ. ಅವಳ ರೊಟ್ಟಿಯ ಸಪ್ಪಳ ಕೇಳಿಯೇ ನಾನು ಏಳುತ್ತಿದ್ದೆ. ಹಾಸಿಗೆಯಲ್ಲಿ ಮಲಗಿಕೊಂಡೇ ಎಷ್ಟನೆಯ ರೊಟ್ಟಿ ಎಂದು ಎಣಿಸುತ್ತಿದ್ದೆ. ಬಿಸಿ ಹಂಚಿನ ಮೇಲೆ ಬಿದ್ದ ಹಿಟ್ಟಿನ ಆ ಸುಟ್ಟ ವಾಸನೆ ಈಗಲೂ ಎಲ್ಲಾದರೂ ಬಂದರೆ ನಾನು ನಿಂತುಬಿಡುತ್ತೇನೆ.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಅವ್ವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಬಾಯಿ ಒಂದು ಕಡೆ ಸೊಟ್ಟಾಯಿತು, ಮಾತು ಮೊದಮೊದಲು ಬರಲೇ ಇಲ್ಲ, ಆಮೇಲೆ ತಡವರಿಸುತ್ತ ಬಂತು. ಅಪ್ಪ ಅವಳನ್ನು ಎತ್ತಿ ಕೂಡಿಸುತ್ತಿದ್ದ, ಮೈ ತೊಳೆಯುತ್ತಿದ್ದ, ತಲೆ ಬಾಚಿ ತುರುಬು ಕಟ್ಟುತ್ತಿದ್ದ. ಅವನು ಕಟ್ಟಿದ ತುರುಬು ಯಾವಾಗಲೂ ಎಡಕ್ಕೆ ಜಾರುತ್ತಿತ್ತು. ಅವಳ ಸೀರೆಗಳನ್ನು ಅಂಗಳದ ನಲ್ಲಿಗೆ ತಂದು ಒಗೆದು ಹಿಂಡಿ ಎಲ್ಲರ ಕಣ್ಣೆದುರೇ ಹರವುತ್ತಿದ್ದ. ನಾಚಿಕೆ ಎಂಬುದು ಅವನಿಗೆ ಇರಲಿಲ್ಲ. ಮನೆಯ ನಾಚಿಕೆಯನ್ನೆಲ್ಲ ನಾನೊಬ್ಬಳೇ ಹೊತ್ತಿದ್ದೆ. ಆ ಐದಾರು ತಿಂಗಳು ರೊಟ್ಟಿ ಮಾತ್ರ ಪಕ್ಕದ ಮನೆಯ ಬಸ್ಸಮ್ಮ ಕೊಡುತ್ತಿದ್ದಳು. ಕೊಡುವಾಗ ಓಣಿಗೆಲ್ಲ ಕೇಳುವ ಹಾಗೆ ಕರೆದು ಕೊಡುತ್ತಿದ್ದಳು.

ಒಂದು ದಿನ ನಾನು ಸಾಲೆಯಿಂದ ಬಂದಾಗ ಒಳಗೆ ರೊಟ್ಟಿ ಬಡಿಯುವ ಸಪ್ಪಳ. ಅವ್ವ ಎದ್ದಳೇ ಎಂದು ಓಡಿದೆ. ಒಲೆಯ ಮುಂದೆ ಬೇರೊಬ್ಬಳು ಕುಳಿತಿದ್ದಳು. ಇಪ್ಪತ್ತೆರಡು, ಇಪ್ಪತ್ತಮೂರು ಇರಬೇಕು, ಕೈತುಂಬ ಹಸಿರು ಬಳೆ. ಅಜ್ಜಿ ಸಂತೆಕಲ್ಲೂರಿನಿಂದ ಕರೆದುಕೊಂಡು ಬಂದಿದ್ದಳು. ನಮ್ಮ ಕಡೆ ಹೆಣ್ಣು ನೋಡಲು ಹೋದವರು ಹುಡುಗಿಗೆ ರೊಟ್ಟಿ ಬಡಿಯಲು ಹಚ್ಚಿ ನೋಡುವುದಿತ್ತು, ಅದು ಹುಡುಗಿಯ ಮನೆಯಲ್ಲಿ. ಅಜ್ಜಿ ಹುಡುಗಿಯನ್ನೇ ಗಂಡಿನ ಮನೆಗೆ ತಂದು, ಹೆಂಡತಿ ಬದುಕಿರುವಾಗಲೇ ಅವಳ ಒಲೆಯ ಮುಂದೆ ಕೂಡಿಸಿ, ಅವಳ ರೊಟ್ಟಿ ಕಲ್ಲಿನ ಮೇಲೆಯೇ ಬಡಿಯಲು ಹಚ್ಚಿದ್ದಳು. ಅವ್ವ ನಾಲ್ಕು ಮಾರು ಆಚೆ, ಹಳೆ ಸೀರೆಯ ಪರದೆಯ ಹಿಂದೆ ಮಲಗಿದ್ದಳು. ನನಗೆ ಹಸಿವಾಗಿತ್ತು. ಆ ಹುಡುಗಿ ಬಿಸಿ ರೊಟ್ಟಿಯ ಮೇಲೆ ಎಣ್ಣೆ ಸವರಿ, ಶೇಂಗಾಪುಡಿ ಉದುರಿಸಿ ಕೊಟ್ಟಳು. ಎರಡು ತಿಂದೆ. ಮೂರನೆಯದನ್ನು ಬಾಯಿತುಂಬ ಇಟ್ಟುಕೊಂಡೇ, “ಅಕ್ಕಾ, ನೀ ಇಲ್ಲೇ ಇರು” ಎಂದೆ. ಮಕ್ಕಳಿಗೆ ಏನೂ ತಿಳಿಯುವುದಿಲ್ಲ ಎನ್ನುವವರನ್ನು ನಂಬಬೇಡಿ. ಪರದೆಯ ಹಿಂದೆ ಯಾರಿದ್ದಾರೆಂದು ನನಗೆ ಗೊತ್ತಿತ್ತು. ಪರದೆಯ ಹಿಂದಿನಿಂದ ಅವ್ವನ ತೊದಲು ಬಂತು: “ಕೈ ಚಲೋ ಐತಿ ಅಕಿದು. ಒಂದೂ ಅಂಚು ಒಡೀಲಿಲ್ಲ.”

ಅಪ್ಪ ಸಂಜೆ ಬಸ್ಸಿಳಿದು ಬಂದ. ಬಾಗಿಲಲ್ಲೇ ಅಜ್ಜಿ ಶುರು ಮಾಡಿದಳು. “ಅಮರ್ಯಾ, ಇನ್ನೆಷ್ಟ ದಿನ ಹೆಂಗಸರ ಸೀರಿ ಹಿಂಡ್ಕೊಂತ ಕುಂದರ್ತಿ? ನೀ ಗಂಡಸೋ ಏನೋ? ನಾನೇನು ಈಕೀನ ಹೊರಗ ಹಾಕು ಅಂದೇನೇನು? ಈಕೀನೂ ಇರ್ಲಿ, ಅಕೀನೂ ಇರ್ಲಿ.” ಅಪ್ಪ ಕೈಕಾಲು ತೊಳೆದುಕೊಂಡ, ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ, ಒಲೆಯ ಹತ್ತಿರ ಹೋಗಿ, “ಏಳವ್ವ ತಂಗಿ, ಹೊಗಿಯಾಗ ಭಾಳೊತ್ತು ಕುಂತಿ” ಎಂದ. ಅವಳು ಎದ್ದ ಜಾಗದಲ್ಲಿ ತಾನು ಕುಳಿತ. ಹಿಟ್ಟಿಗೆ ಎಸರು ಸುರಿದು ನಾದಿದ, ಉಂಡೆ ಮಾಡಿದ, ಕಲ್ಲಿನ ಮೇಲಿಟ್ಟು ಬಡಿಯತೊಡಗಿದ. ಕಡತ ಹೊರುವ ಕೈ, ಪೆಟ್ಟು ಜೋರಾಗಿ ಬೀಳುತ್ತಿತ್ತು. ರೊಟ್ಟಿ ನಡುವೆ ದಪ್ಪಗೆ ಉಳಿದು ಸುತ್ತಲೂ ಸೀಳಿತು. ಅಜ್ಜಿ ಬಾಯಿಗೆ ಸೆರಗಿಟ್ಟುಕೊಂಡು, “ನೋಡ್ರೆಪ ನನ್ನ ಹೊಟ್ಟಿ ಉರಿ” ಎಂದಳು. ಆಗ ಪರದೆಯ ಹಿಂದಿನಿಂದ ಅವ್ವ ಅಂದಳು: “ಅಂಚು ಒಡೀತ್ರಿ. ಕೈ ಹಸಿ ಮಾಡ್ಕೋರಿ. ನಡುವ ಬಡೀಬ್ಯಾಡ್ರಿ, ದಂಡಿಗೆ ಬರ್ರಿ.” ಅಪ್ಪ ಕೈ ಒದ್ದೆ ಮಾಡಿಕೊಂಡು ಮತ್ತೆ ಬಡಿದ. “ಈಗ?” ಎಂದು ಕೇಳಿದ. “ಈಗ ಅಡ್ಡಿಲ್ಲ,” ಎಂದಳು ಅವ್ವ. ಅಜ್ಜಿ ಮರುದಿನ ಬೆಳಿಗ್ಗೆ ಆ ಹುಡುಗಿಯನ್ನು ಕರೆದುಕೊಂಡು ಸಂತೆಕಲ್ಲೂರಿಗೆ ಹೋದಳು. ಆ ಹುಡುಗಿ ಹೋಗುವಾಗ ನಾನು ಅಟೋದ ಹಿಂದೆ ಓಡಿ ಅತ್ತೆ.

ಅಲ್ಲಿಂದ ಒಂದೂವರೆ ವರ್ಷ ನಮ್ಮ ಮನೆಯಲ್ಲಿ ಬೆಳಗು ಹೀಗಿರುತ್ತಿತ್ತು. ಅಪ್ಪ ಒಲೆ ಹಚ್ಚುವನು, ಕಟ್ಟಿಗೆಯ ಹೊಗೆ ಪರದೆ ದಾಟಿ ಅವ್ವನ ಕಡೆ ಹೋಗುವುದು, ಅವಳು ಕೆಮ್ಮುವಳು, ಅವನು ಬೀಸಣಿಕೆಯಿಂದ ಹೊಗೆಯನ್ನು ಹಿತ್ತಲಿಗೆ ತಿರುಗಿಸುವನು. ಆಮೇಲೆ ಸಪ್ಪಳ ಶುರು. ಅವ್ವ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಹಿಟ್ಟು ಸಾಕಷ್ಟು ನಾದಿಲ್ಲ ಎಂಬುದು ಮೊದಲ ನಾಲ್ಕು ಪೆಟ್ಟಿಗೇ ಅವಳಿಗೆ ತಿಳಿಯುತ್ತಿತ್ತು. “ಇನ್ನೊಂದೀಟು ನಾದ್ರಿ.” “ತಿರುವ್ರಿ, ಒಂದ ಕಡೆ ಬೀಳಾಕತ್ತೈತಿ.” “ಅಂಚು ಒಡೀತು.” ಅಜ್ಜಿ ಅವಳ ಮೇಲೆ ಎಸೆಯುತ್ತಿದ್ದ ಆ ಮಾತನ್ನೇ ಅವಳು ಈಗ ಗಂಡನಿಗೆ ಹೇಳುತ್ತಿದ್ದಳು, ಹೇಳುವಾಗ ಸೊಟ್ಟ ಬಾಯಲ್ಲಿ ನಗು ಇರುತ್ತಿತ್ತು. ಅಪ್ಪ ಬೇಕೆಂದೇ ಒಂದೆರಡು ಪೆಟ್ಟು ತಪ್ಪು ಹಾಕುತ್ತಿದ್ದನೋ ಏನೋ, ನನಗೆ ಸಂಶಯವಿದೆ. “ನಿನ್ನ ಕಿವಿಗೆ ದೃಷ್ಟಿ ತಗದು ಒಗೀಬೇಕು ನೋಡು,” ಎನ್ನುತ್ತಿದ್ದ. ಕೈಯಿಲ್ಲದವಳು ಕಿವಿಯಿಂದ ರೊಟ್ಟಿ ಮಾಡುತ್ತಿದ್ದಳು. ಅವಳ ಮನೆವಾರ್ತೆ ಎಂದು ಉಳಿದಿದ್ದು ಅದೊಂದೇ. ಹತ್ತು ರೊಟ್ಟಿ ಮುಗಿಯುವ ಹೊತ್ತಿಗೆ ಅವಳ ಹಣೆಯ ಮೇಲೆ ಬೆವರು ಮೂಡಿರುತ್ತಿತ್ತು, ತಾನೇ ಬಡಿದು ದಣಿದವಳ ಹಾಗೆ “ಉಸ್ಸಪ್ಪಾ” ಎನ್ನುತ್ತಿದ್ದಳು. ನನ್ನ ಬಾಳಿನಲ್ಲಿ ಗಂಡ ಹೆಂಡಿರು ಇಷ್ಟು ಸುಖವಾಗಿದ್ದುದನ್ನು ನಾನು ಇನ್ನೆಲ್ಲೂ ನೋಡಿಲ್ಲ, ನನ್ನ ಮನೆಯಲ್ಲೂ ಸೇರಿ.

ಆದರೆ ಆ ಸಪ್ಪಳ ಓಣಿಗೂ ಕೇಳುತ್ತಿತ್ತು. ಗಂಡಸಿನ ಕೈ ಎಂದು ಯಾರಿಗಾದರೂ ತಿಳಿಯುವಂತಿತ್ತು, ಅಷ್ಟು ಭಾರ. ನೀರಿಗೆ ಬಂದ ಹೆಂಗಸರು ನಮ್ಮ ಅಂಗಳದ ಮುಂದೆ ಒಂದು ಗಳಿಗೆ ನಿಂತು ಕೇಳಿಸಿಕೊಂಡು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ಬಸ್ಸಮ್ಮ ಅಪ್ಪನಿಗೆ ‘ಅಮರವ್ವ’ ಎಂದು ಹೆಸರಿಟ್ಟಳು. ಹೆಸರು ಅವಳ ಮಗಳು ಸಾವಿತ್ರಿಯ ಜೊತೆ ಸಾಲೆಗೆ ಬಂತು. ನಾನು ಆರನೆಯ ಇಯತ್ತೆ. ನಾನು ಒಳಗೆ ಕಾಲಿಟ್ಟ ಕೂಡಲೇ ಸಾವಿತ್ರಿ ಬೆಂಚಿನ ಮೇಲೆ ಎರಡೂ ಅಂಗೈಯಿಂದ ಬಡಿಯುತ್ತಿದ್ದಳು, ಪಟ ಪಟ ಪಟ. ಮೊದಲು ಅವಳೊಬ್ಬಳು, ಆಮೇಲೆ ಆ ಸಾಲು, ಆಮೇಲೆ ಇಡೀ ವರ್ಗ. “ಅಮರವ್ವನ ಮಗಳು ಬಂದ್ಲು, ರೊಟ್ಟಿ ತಂದ್ಲು.” ಮಾಸ್ತರರು ಬಂದರೂ ಬೆಂಚಿನ ಕೆಳಗೆ ತೊಡೆಯ ಮೇಲೆ ಮೆಲ್ಲಗೆ ಬಡಿಯುತ್ತಿದ್ದರು. ಮಧ್ಯಾಹ್ನ ನಾನು ರೊಟ್ಟಿಯ ಗಂಟು ಬಿಚ್ಚದೆ ಸಾಲೆಯ ಹಿಂದಿನ ಜಾಲಿಯ ಬುಡಕ್ಕೆ ಎಸೆದು ಬರುತ್ತಿದ್ದೆ. ಅಪ್ಪ ನಸುಕಿನಲ್ಲಿ ಎದ್ದು ಮಾಡಿ ಕಟ್ಟಿದ ರೊಟ್ಟಿಯನ್ನು ಹಂದಿಗಳು ತಿನ್ನುತ್ತಿದ್ದವು. ನಾನು ನಿಂತು ನೋಡುತ್ತಿದ್ದೆ, ಪೂರ್ತಿ ತಿಂದವೇ ಎಂದು. ಒಂದು ತುಂಡು ಉಳಿದರೂ ಯಾರಾದರೂ ಗುರುತು ಹಿಡಿದಾರೆಂಬ ಭಯ.

ಒಂದು ರವಿವಾರ ಅಪ್ಪ ನಲ್ಲಿಯ ಹತ್ತಿರ ಕುಳಿತು ಅವ್ವನ ಸೀರೆ ಒಗೆಯುತ್ತಿದ್ದ. ನಾನು ಎದುರಿಗೆ ಹೋಗಿ ನಿಂತೆ. “ನಾಳಿಂದ ರೊಟ್ಟಿ ಬಡೀಬ್ಯಾಡ. ಬಡದ್ರ ನಾ ಸಾಲಿಗೆ ಹೋಗಂಗಿಲ್ಲ. ಎಲ್ಲಾರಿಗೂ ಕೇಳತೈತಿ,” ಎಂದೆ. “ಕೇಳಿದ್ರ ಕೇಳಲಿ ಬಿಡವ್ವ, ಕಳ್ಳತನ ಮಾಡಾಕತ್ತಿಲ್ಲಲ್ಲ,” ಎಂದು ಅವನು ನಕ್ಕ. ಅವನು ನಕ್ಕದ್ದಕ್ಕೆ ನನಗೆ ಸಿಟ್ಟು ನೆತ್ತಿಗೇರಿತು. ಆಗ ಅಂದೆ. ಇಷ್ಟು ವರ್ಷ ಈ ಮಾತನ್ನು ಯಾರ ಮುಂದೆಯೂ ಹೇಳಿಲ್ಲ: “ಅವ್ವ ಸತ್ತಿದ್ರ ಆ ಅಕ್ಕ ಬರ್ತಿದ್ಲು.” ಅಪ್ಪನ ಕೈಯಲ್ಲಿ ಸೀರೆ ಹಾಗೇ ನಿಂತಿತು. ನಲ್ಲಿ ಸುರಿಯುತ್ತಲೇ ಇತ್ತು. ಅವನು ಮೊದಲು ಮನೆಯ ಬಾಗಿಲ ಕಡೆ ತಿರುಗಿ ನೋಡಿದ, ಒಳಗೆ ಕೇಳಿಸಿತೇ ಎಂದು. ಆಮೇಲೆ ನನ್ನನ್ನು ನೋಡಿದ. ಹೊಡೆಯುತ್ತಾನೆ ಅಂದುಕೊಂಡೆ, ಹೊಡೆದಿದ್ದರೆ ಎಷ್ಟು ಚೆನ್ನಾಗಿತ್ತು. “ನಾಳಿಂದ ಕೇಳಂಗಿಲ್ಲ. ಸಾಲಿಗೆ ಹೋಗು,” ಎಂದಷ್ಟೇ ಹೇಳಿ ಸೀರೆ ಹಿಂಡಿದ.

ಮರುದಿನ ಎಚ್ಚರವಾದಾಗ ಮನೆಯಲ್ಲಿ ಸದ್ದಿಲ್ಲ. ಒಲೆ ಉರಿಯುತ್ತಿತ್ತು, ಹಂಚು ಕಾದ ವಾಸನೆ ಬರುತ್ತಿತ್ತು. ಎದ್ದು ನೋಡಿದೆ. ಅಪ್ಪ ಗೋಣಿಚೀಲವೊಂದನ್ನು ನಾಲ್ಕು ಮಡಿಕೆ ಮಾಡಿ ಕಲ್ಲಿನ ಕೆಳಗೆ ಹಾಸಿದ್ದ, ಕಲ್ಲಿನ ಮೇಲೆ ಒದ್ದೆ ಬಟ್ಟೆ. ಅದರ ಮೇಲೆ ಉಂಡೆಯಿಟ್ಟು ಬೆರಳ ತುದಿಯಿಂದ ಒತ್ತಿ ಒತ್ತಿ ಹಿಗ್ಗಿಸುತ್ತಿದ್ದ. ಒಂದು ರೊಟ್ಟಿಗೆ ಮೂರು ರೊಟ್ಟಿಯ ಹೊತ್ತು ಹಿಡಿಯುತ್ತಿತ್ತು. ಯಾವಾಗ ಎದ್ದಿದ್ದನೋ. ಪರದೆಯ ಆಚೆಯಿಂದ ಅವ್ವ ಕೇಳಿದಳು, “ಇವತ್ತ ರೊಟ್ಟಿ ಇಲ್ಲೇನ್ರಿ?”

“ಆಗಾಕತ್ತಾವ.”

“ಸಪ್ಪಳಿಲ್ಲಲ್ಲ?”

“ಮಣಿಕಟ್ಟ ನೋವು ಹಿಡದೈತಿ. ಸಾವಕಾಶ ಒತ್ತಾಕತ್ತೀನಿ.”

ಅವ್ವ “ಅಂಚು?” ಎಂದಳು.

“ಒಡದಿಲ್ಲ,” ಎಂದ ಅಪ್ಪ.

ಒಡೆದಿತ್ತು. ನಾನು ಕಣ್ಣಾರೆ ನೋಡಿದೆ. ಮೂರು ಕಡೆ ಸೀಳಿದ ಆ ರೊಟ್ಟಿಯನ್ನು ಅವನು ಬೇಯಿಸಿ, ತನ್ನ ತಾಟಿನ ತಳಕ್ಕೆ ಹಾಕಿ, ಮೇಲೆ ಒಳ್ಳೆಯದೊಂದನ್ನು ಮುಚ್ಚಿದ. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟ. ನಾನು ಜಡೆ ಹೆಣೆದುಕೊಂಡು, ಆ ದಿನ ಸಾಲೆಗೆ ಕುಣಿಯುತ್ತ ಹೋದೆ. ಸಾವಿತ್ರಿ ಬೆಂಚು ಬಡಿದಾಗ, “ನಮ್ಮನ್ಯಾಗ ಈಗ ಯಾರೂ ರೊಟ್ಟಿ ಬಡಿಯಂಗಿಲ್ಲ, ಬೇಕಾದ್ರ ಬಂದು ಕೇಳು,” ಎಂದೆ. ಅವಳು ನಿಜವಾಗಿಯೂ ಮರುದಿನ ಬೆಳಿಗ್ಗೆ ಅಂಗಳಕ್ಕೆ ಬಂದು ನಿಂತು ಕಿವಿಗೊಟ್ಟು ಹೋದಳು. ಹದಿನೈದು ದಿನಕ್ಕೆಲ್ಲ ಆ ಆಟ ಅವರಿಗೇ ಬೇಸರವಾಗಿ, ಕಣ್ಣಿಗೆ ದಪ್ಪ ಕನ್ನಡಕ ಬಂದ ಬಳಗಾನೂರಿನ ಒಂದು ಹುಡುಗಿಯನ್ನು ಹಿಡಿದುಕೊಂಡರು. ಅವಳನ್ನು ಕಾಡುವಾಗ ನಾನೂ ಅವರ ಜೊತೆಗಿದ್ದೆ.

ನಮ್ಮ ಮನೆಯಲ್ಲಿ ಮಾತ್ರ ಸಪ್ಪಳ ಮರಳಿ ಬರಲಿಲ್ಲ. ಅವ್ವ ಒಂದೆರಡು ವಾರ ಕೇಳಿದಳು, “ನೋವು ಹ್ಯಾಂಗೈತ್ರಿ?” “ಐತಿ, ಬಿಡು.” “ಎಸರ ಸಾಕಷ್ಟ ಹಾಕೀರೇನು?” “ಹಾಕೀನಿ.” “ಅಂಚು?” “ಒಡದಿಲ್ಲ.” ಆಮೇಲೆ ಕೇಳುವುದು ಕಡಿಮೆಯಾಯಿತು. ರೊಟ್ಟಿ ಮಾಡುವ ಹೊತ್ತಿಗೆ ಅವಳು ಮೊದಲಿನ ಹಾಗೆ ಗೋಡೆಗೆ ಒರಗಿ ಕೂಡುತ್ತಿರಲಿಲ್ಲ, ಎತ್ತಿ ಕೂಡಿಸಬೇಡಿ ಎನ್ನುತ್ತಿದ್ದಳು. ಅಪ್ಪ ಸಂಜೆ ತಂದ ಮಿರ್ಚಿಯನ್ನು ನಾಲಗೆಗೆ ಮುಟ್ಟಿಸಿ ಬಿಡುತ್ತಿದ್ದಳು. ಅಪ್ಪ ಲಿಂಗಸುಗೂರಿನ ಕಚೇರಿಯ ಸುದ್ದಿಯನ್ನೆಲ್ಲ, ಯಾರು ಯಾರಿಗೆ ಬೈದರು, ಯಾರ ಕುರ್ಚಿ ಮುರಿಯಿತು, ಎಲ್ಲವನ್ನೂ ಬಣ್ಣ ಕಟ್ಟಿ ಹೇಳುತ್ತಿದ್ದ. ಅವಳು ಹೂಂ ಅನ್ನುತ್ತಿದ್ದಳು, ಕಣ್ಣು ಗೋಡೆಯ ಕಡೆ. ರೋಗ ಏರುತ್ತಿದೆ ಎಂದು ಎಲ್ಲರೂ ಅಂದರು. ನಾನೂ ಹಾಗೇ ನಂಬಿದೆ, ಹಾಗೆ ನಂಬುವುದು ನನಗೆ ಅನುಕೂಲವಾಗಿತ್ತು. ನಾನು ಎಂಟನೆಯ ಇಯತ್ತೆಗೆ ಹೋದ ವರ್ಷ, ಜೋಳದ ರಾಶಿಯ ದಿನಗಳಲ್ಲಿ, ಒಂದು ಬೆಳಿಗ್ಗೆ ಅವ್ವ ಹೋದಳು. ಆಗ ನಾನು ಅಂಗಳದಲ್ಲಿ ನೀರು ತುಂಬುತ್ತಿದ್ದೆ. ಅಪ್ಪ ಒಬ್ಬನೇ ಅವಳ ಹತ್ತಿರ ಇದ್ದ. ಏನಾದರೂ ಅಂದಳೇನು ಎಂದು ಆಮೇಲೆ ಕೇಳಿದೆ. “ಏನೂ ಅನ್ನಲಿಲ್ಲವ್ವ. ನಿನ್ನ ಚಂದ ನೋಡ್ಕೋ ಅಂದ್ಲು,” ಎಂದ.

ಅಜ್ಜಿ ಮತ್ತೆ ಹೆಣ್ಣು ತೋರಿಸಲು ಬಂದಳು, ಅಪ್ಪ ಮತ್ತೆ ಅಟೋ ಹತ್ತಿಸಿ ಕಳಿಸಿದ. ನನ್ನನ್ನು ಓದಿಸಿದ, ಸಾಲೆಯ ಟೀಚರ್ ಮಾಡಿದ, ಸಿಂಧನೂರಿಗೆ ಕೊಟ್ಟು ಮದುವೆ ಮಾಡಿದ. ಮದುವೆಯಾದ ಹೊಸದರಲ್ಲಿ ಮಸ್ಕಿಗೆ ಹೋದಾಗ ನೋಡಿದರೆ, ಒಬ್ಬನೇ ಇರುವ ಮನೆಯಲ್ಲಿ ಇನ್ನೂ ಆ ಕಲ್ಲಿನ ಕೆಳಗೆ ಗೋಣಿ ಇತ್ತು. ಹಳೆಯದು ಹರಿದು ಹೊಸದು ಹಾಕಿದ್ದ. “ಈಗ ಯಾರು ನಗ್ತಾರಪ್ಪ, ಬಡಿಯಬಾರದೇನು?” ಎಂದೆ. ದೊಡ್ಡ ಮನಸ್ಸು ಮಾಡಿ ಅಪ್ಪಣೆ ಕೊಟ್ಟವಳ ಹಾಗೆ ಅಂದೆ. “ಕೈಗೆ ಇದ ರೂಢಿ ಆಗಿಬಿಟ್ಟೈತಿ,” ಎಂದು ಅವನು ಬೆರಳಿನಿಂದ ಒತ್ತುತ್ತಲೇ ಇದ್ದ. ಬೇಡ ಎಂದು ನಾನು ಹೇಳಿದ್ದು ಒಂದೇ ಸಲ. ಅವನು ಪಾಲಿಸಿದ್ದು ಮೂವತ್ತು ವರ್ಷ.

ನಿವೃತ್ತಿಯಾಗಿ ಕೆಲ ವರ್ಷಗಳಾದ ಮೇಲೆ, ಕಣ್ಣು ಮಂಜಾಗಿ ಎದೆ ಸೋತು, ಇನ್ನು ಒಬ್ಬನೇ ಇರಲಾರ ಎಂದಾದಾಗ ಅವನನ್ನು ಸಿಂಧನೂರಿಗೆ ಕರೆದುಕೊಂಡು ಬಂದೆ. ಮಸ್ಕಿಯ ಮನೆಯನ್ನು ಕೊಂಡವರು ಅದನ್ನು ಕೆಡವಿ ಮೊಬೈಲ್ ಅಂಗಡಿ ಕಟ್ಟಿದ್ದಾರೆ. ಅಲ್ಲಿಂದ ಬರುವಾಗ ಅಪ್ಪ ತನ್ನ ಬಟ್ಟೆಯ ಗಂಟಿನ ಜೊತೆ ಆ ರೊಟ್ಟಿ ಕಲ್ಲನ್ನೂ ತಂದ. ನಮ್ಮ ಮನೆಯಲ್ಲಿ ರೊಟ್ಟಿ ಅಂಗಡಿಯಿಂದಲೇ ಬರುತ್ತದೆ, ಕಟ್ಟಿನಲ್ಲಿ, ಹಪ್ಪಳದ ಹಾಗೆ ಒಣಗಿದ್ದು. ಕಲ್ಲು ಅಡುಗೆಮನೆಯ ಮೂಲೆಯಲ್ಲಿ ಬಿದ್ದಿತ್ತು. ಅಪ್ಪ ತೀರಿಹೋಗುವ ಹದಿನೈದು ದಿನ ಮುಂಚೆ ಒಂದು ರವಿವಾರ ಮಧ್ಯಾಹ್ನ, ಅವನಿಗೆ ಏನೂ ಸೇರುತ್ತಿಲ್ಲವೆಂದು, ಬಿಸಿ ರೊಟ್ಟಿಯಾದರೂ ಹಾಲಿನಲ್ಲಿ ಮುರಿದು ಕೊಡೋಣವೆಂದು ಆ ಕಲ್ಲನ್ನು ತೊಳೆದು ನೆಲಕ್ಕೆ ಹಾಕಿ ಕುಳಿತೆ. ಗೋಣಿ ಇರಲಿಲ್ಲ, ನೆನಪೂ ಆಗಲಿಲ್ಲ. ಬಡಿಯತೊಡಗಿದೆ. ಅದೇ ಕಲ್ಲು, ಅದೇ ಸಪ್ಪಳ. ಪಡಸಾಲೆಯ ಮಂಚದ ಮೇಲೆ ಅರೆನಿದ್ದೆಯಲ್ಲಿದ್ದ ಅಪ್ಪ ಮಾತಾಡಿದ್ದು ಕೇಳಿತು. “ಗಂಗೂ,” ಎಂದ. ನಾನು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತೆ. ಕಣ್ಣು ಮುಚ್ಚಿಯೇ ಇತ್ತು.

“ಗಂಗೂ, ನಿನಗ ಸುಳ್ಳ ಹೇಳೀನಿ ನಾ. ಮಣಿಕಟ್ಟ ನೋವಿದ್ದಿಲ್ಲ. ಕೂಸಿಗೆ ಸಾಲ್ಯಾಗ ಕಾಡ್ತಿದ್ರು, ಅದಕ್ಕ ಗೋಣಿ ಹಾಸಿದ್ದೆ.” ಸ್ವಲ್ಪ ಹೊತ್ತು ಉಸಿರಾಡಿದ. “ಹೋಗೋ ಮುಂಜಾನಿ ಅಂದೆಲ್ಲ ನೀ, ‘ನಿಮಗ ರೊಟ್ಟಿ ಬಂತಲ್ರಿ, ಇನ್ನ ನಾ ಯಾಕ’ ಅಂತ. ಬಂದಿದ್ದಿಲ್ಲ ಬೇ ನನಗ. ದಿನಾ ಒಡೀತಿತ್ತು. ಹೇಳಬೇಕಂತ ಬಾಯಿಗೆ ಬಂದಿತ್ತು. ಹೇಳಿದ್ರ ಕೂಸಿನ ಮ್ಯಾಲ ಮನಸ ಕೆಡಿಸ್ಕೊಂಡು ಹೋಗ್ತಿದ್ದಿ. ನೀ ಹೊಂಟಾಕಿ, ಅದು ಇರಾಕಿ. ಹೇಳಲಿಲ್ಲ. ಅದಕ್ಕ ಏನೂ ಅನಬ್ಯಾಡ, ಸಣ್ಣದು.”

ಅವನು ಉತ್ತರಕ್ಕೆ ಕಾಯುತ್ತಿದ್ದ. ಮುಖವನ್ನು ಸಪ್ಪಳ ಬಂದ ಕಡೆ ತಿರುಗಿಸಿದ್ದ. ಒಂದು ‘ಹೂಂ’ ಸಾಕಿತ್ತು. ‘ಇರಲಿ ಬಿಡ್ರಿ’ ಎಂದಿದ್ದರೆ ಸಾಕಿತ್ತು, ಅವ್ವನ ತೊದಲನ್ನು ನಾನಲ್ಲದೆ ಇನ್ಯಾರು ಆಡಬಲ್ಲವರಿದ್ದರು? ಆದರೆ ಇಪ್ಪತ್ತು ವರ್ಷ ಮಕ್ಕಳ ತಪ್ಪು ತಿದ್ದಿದ ಬಾಯಿ ಇದು. “ನಾ ರತ್ನಾ, ಅಪ್ಪ,” ಎಂದೆ.

ಅವನು ಕಣ್ಣು ತೆರೆದ. ಮಂಜುಗಣ್ಣಿನಲ್ಲಿ ನನ್ನನ್ನು ಹುಡುಕಿದ. ಅವನ ಕೈ ಹೊದಿಕೆಯ ಅಂಚನ್ನು ಹಿಡಿದುಕೊಂಡಿತು. ಹೆಂಡತಿ ಸಾಯುವಾಗಲೂ ನನ್ನನ್ನು ಬಿಟ್ಟುಕೊಡದೆ, ಅವಳ ಆ ಕೊನೆಯ ಮಾತನ್ನು ಇಷ್ಟು ವರ್ಷ ಯಾರಿಂದ ಮುಚ್ಚಿಟ್ಟಿದ್ದನೋ ಆ ಮಗಳೇ ಎದುರಿಗೆ ನಿಂತಿದ್ದಳು. ಅವನಿಗೆ ತಿಳಿಯಿತು, ತಿಳಿದದ್ದು ನನಗೆ ಕಂಡಿತು. “ನಿದ್ದಿಗಣ್ಣಾಗ ಏನರ ಅಂದ್ನೇನವ್ವ?” ಎಂದ.

“ಏನಿಲ್ಲಪ್ಪ.”

“ಮತ್ಯಾಕ ನಿಲ್ಲಿಸಿದಿ? ಬಡಿ.”

ಒಳಗೆ ಬಂದು ಕುಳಿತೆ. ಕಲ್ಲಿನ ಮೇಲೆ ಅರ್ಧ ಬಡಿದ ರೊಟ್ಟಿ ಹಾಗೇ ಇತ್ತು, ಮೇಲೆ ಒಣಗಿತ್ತು. ಕೈ ಹಸಿ ಮಾಡಿಕೊಳ್ಳಬೇಕಿತ್ತು, ಮಾಡಿಕೊಳ್ಳಲಿಲ್ಲ. ಬಡಿದೆ. ಎರಡು ಪೆಟ್ಟಿಗೆ ಅಂಚು ಸೀಳಿತು, ಮೂರನೆಯ ಪೆಟ್ಟಿಗೆ ಸೀಳು ನಡುವಿನತನಕ ಬಂತು. ಸಪ್ಪಳ ಒಡೆದದ್ದು ಓಣಿಯ ತುದಿಗೂ ಕೇಳುವಂತಿತ್ತು. ಒಂದೂವರೆ ವರ್ಷ ದಿನಾ ಅವ್ವನಿಂದ ಆ ಸಪ್ಪಳ ತಿದ್ದಿಸಿಕೊಂಡವನಿಗೆ ಅದು ಕೇಳಿಸದೇ ಇರಲು ಸಾಧ್ಯವಿರಲಿಲ್ಲ. ಕೈ ನಿಲ್ಲಿಸಿ ಕಾದೆ. ಒಡೀತು ಅನ್ನಲಿ, ಒಂದು ಸಲ ಅನ್ನಲಿ, ಅಜ್ಜಿಯ ಹಾಗೆ ಬೈದಾದರೂ ಅನ್ನಲಿ ಎಂದು ಕಾದೆ. ಕೊನೆಗೆ ನಾನೇ ಕೂಗಿ ಕೇಳಿದೆ:

“ಅಪ್ಪ, ಅಂಚು ಒಡೀತೇನು?”

“ಇಲ್ಲವ್ವ,” ಎಂದ ಅವನು ಪಡಸಾಲೆಯಿಂದ. “ಒಡದಿಲ್ಲ.”

ಅದನ್ನು ಹಂಚಿನ ಮೇಲೆ ಹಾಕಿ ಬೇಯಿಸಿದೆ. ಇನ್ನೊಂದನ್ನು ಸರಿಯಾಗಿ ಬಡಿದು ಅವನಿಗೆ ಹಾಲಿನಲ್ಲಿ ಮುರಿದು ಕೊಟ್ಟೆ. ಒಡೆದದ್ದನ್ನು ನನ್ನ ತಾಟಿನ ತಳಕ್ಕೆ ಹಾಕಿ, ಮೇಲೆ ಒಳ್ಳೆಯದೊಂದನ್ನು ಮುಚ್ಚಿ, ಅವನ ಎದುರಿಗೆ ಉಣ್ಣಲು ಕುಳಿತೆ.